ಬ್ಯಾಂಜೊ ಎಲ್ಲಿ ಕೂತಿದೆ? ಬ್ಲೂಗ್ರಾಸ್ ಸಂಗೀತ ನಾಟಕಗಳಲ್ಲಿ ನಿಮಗೊಪ್ಪುವುದು ಯಾವುದು

ಕಳೆದ ಸಲ ಅಮ್ಮ ತುಮಕೂರಿನಿಂದ ನಮ್ಮ ಮನೆಗೆ ಬಂದಿದ್ದಾಗ ಇಲ್ಲಿನ ಹವ್ಯಾಸಿ ತಂಡವೊಂದು ಆಡಿದ 'ಬ್ರೈಟ್ ಸ್ಟಾರ್' ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ಇಲ್ಲಿ ಎಂದರೆ ಅಮೆರಿಕದ ನಾರ್ತ್ ಕೆರೊಲಿನಾ, ರಾಲಿ ನಗರದ ಹೊರವಲಯ. ಅಮ್ಮನ ಇಂಗ್ಲಿಷ್ ಅಷ್ಟಕ್ಕಷ್ಟೇ. ದೀಪ ಹತ್ತಿದಾಗ ರಂಗದ ಮೇಲೆ ಕಂಡದ್ದು ಒಂದು ಮರದ ಮನೆ, ಗೋಡೆಗಳಿಲ್ಲದ ಬರೀ ಚೌಕಟ್ಟು. ಅದರೊಳಗೆ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್ ಹಿಡಿದು ಕೂತವರು. ಅಮ್ಮ ನನ್ನ ಮೊಣಕೈ ತಿವಿದು, "ಹಿಮ್ಮೇಳದವರನ್ನು ಮನೆಯೊಳಗೇ ಕೂರಿಸಿಬಿಟ್ಟಿದ್ದಾರೆ ನೋಡು" ಎಂದರು. ಚಿಕ್ಕವರಿದ್ದಾಗ ಕಂಪನಿ ನಾಟಕಗಳನ್ನು ರಾತ್ರಿಯೆಲ್ಲ ಕೂತು ನೋಡಿದವರು ಅವರು. ಆ ನಾಟಕಗಳಲ್ಲಿ ಹಾರ್ಮೋನಿಯಂ ಮಾಸ್ತರರು ರಂಗದ ಅಂಚಿನಲ್ಲಿ, ನಟನ ಉಸಿರಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದರು. ಯಕ್ಷಗಾನದಲ್ಲಂತೂ ಭಾಗವತರು ರಂಗದ ಮೇಲೆಯೇ ಇರುತ್ತಾರೆ. ಆಟ ನಡೆಯುವುದೇ ಅವರ ಕೈಯಲ್ಲಿ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಲೋಕವಾದ ಬ್ರಾಡ್‌ವೇಯ ರೂಢಿ ಬೇರೆ. ಅಲ್ಲಿ ವಾದ್ಯದವರು ರಂಗದ ಮುಂದಿನ ತಗ್ಗಿನಲ್ಲಿ, ಕಣ್ಣಿಗೆ ಬೀಳದ ಹಾಗೆ ಇರುತ್ತಾರೆ. ಬ್ಯಾಂಜೊ, ಪಿಟೀಲುಗಳ ಅಮೆರಿಕನ್ ಸಂಗೀತವಾದ ಬ್ಲೂಗ್ರಾಸಿನ ನಾಟಕಗಳು ಮಾತ್ರ ಬಹುಮಟ್ಟಿಗೆ ಈ ರೂಢಿಯನ್ನು ಮುರಿಯುತ್ತವೆ.

ಅಂದಿನಿಂದ ಈ ಬಗೆಯ ನಾಟಕಗಳಲ್ಲಿ ಯಾವುದನ್ನು ನೋಡಬಹುದು, ಯಾವುದನ್ನು ಕೇಳಬಹುದು, ಯಾವುದನ್ನು ನಾವೇ ಆಡಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಹಿಮ್ಮೇಳ ಎಲ್ಲಿ ಕೂತಿದೆ ಎಂಬುದನ್ನು. ಬ್ಯಾಂಜೊ ಎಷ್ಟು ಕೇಳಿಸುತ್ತದೆ ಎಂಬುದರಿಂದ ನಾಟಕದ ಗುಣ ತಿಳಿಯುವುದಿಲ್ಲ. ಬ್ಯಾಂಜೊ ಯಾರ ಕೈಯಲ್ಲಿದೆ, ಅದು ಕಥೆಯ ಒಳಗಿದೆಯೋ ಹೊರಗಿದೆಯೋ ಎಂಬುದರಿಂದ ತಿಳಿಯುತ್ತದೆ. ನಾನು ಇಲ್ಲಿ ಹೋಲಿಸುತ್ತಿರುವುದು ಐದು ನಾಟಕಗಳನ್ನು: 'ಬ್ರೈಟ್ ಸ್ಟಾರ್', 'ಫ್ಲಾಯ್ಡ್ ಕಾಲಿನ್ಸ್', 'ದಿ ರಾಬರ್ ಬ್ರೈಡ್‌ಗ್ರೂಮ್', 'ಕಾಟನ್ ಪ್ಯಾಚ್ ಗಾಸ್ಪೆಲ್' ಮತ್ತು 'ಸ್ಮೋಕ್ ಆನ್ ದ ಮೌಂಟನ್'.

ಮೊದಲು ಆ ಸಂಗೀತದ ಮಾತು

ಬ್ಲೂಗ್ರಾಸ್ ಬಹಳ ಹಳೆಯ ಹಳ್ಳಿಯ ಸಂಗೀತ ಎಂದು ಅನೇಕರು ತಿಳಿದಿದ್ದಾರೆ. ಅದರ ಬೇರು ಹಳೆಯದು, ನಿಜ: ಅಪಲಾಚಿಯನ್ ಬೆಟ್ಟಗಳಲ್ಲಿ ನೆಲೆಸಿದ ಸ್ಕಾಟ್ಲೆಂಡ್, ಐರ್ಲೆಂಡ್ ಮೂಲದವರ ಪಿಟೀಲು, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ನೆನಪಿನಲ್ಲಿ ಉಳಿದು ಬಂದ ಬ್ಯಾಂಜೊ, ಚರ್ಚಿನ ಹಾಡುಗಳು. ಆದರೆ ಇವತ್ತು ನಾವು ಬ್ಲೂಗ್ರಾಸ್ ಎಂದು ಕರೆಯುವ ರೂಪ ರೇಡಿಯೊ ಕಾಲದ ಕೂಸು. ಕೆಂಟಕಿಯ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ತನ್ನ ರಾಜ್ಯದ ಅಡ್ಡಹೆಸರನ್ನೇ ತಂಡಕ್ಕಿಟ್ಟು 'ಬ್ಲೂ ಗ್ರಾಸ್ ಬಾಯ್ಸ್' ಎಂದು ಕರೆದ. 1939ರಲ್ಲಿ ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮ ಸೇರಿದ. 1945ರ ಕೊನೆಗೆ ನಾರ್ತ್ ಕೆರೊಲಿನಾದ ಯುವಕ ಅರ್ಲ್ ಸ್ಕ್ರಗ್ಸ್ ಆ ತಂಡಕ್ಕೆ ಬಂದ. ಮೂರು ಬೆರಳಿನಿಂದ ಮಳೆ ಹನಿಯಂತೆ ಸ್ವರ ಸುರಿಸುವ ಅವನ ಬ್ಯಾಂಜೊ ಸೇರಿದ ಮೇಲೆಯೇ ಈ ಸಂಗೀತಕ್ಕೆ ಅದರ ಮುಖ ಸಿಕ್ಕಿತು. ಪ್ರಕಾರಕ್ಕೆ ಆ ತಂಡದ ಹೆಸರೇ ಅಂಟಿಕೊಂಡಿತು.

ಬ್ಯಾಂಜೊವನ್ನು ಹತ್ತಿರದಿಂದ ನೋಡಿದರೆ ಅದು ಎರಡು ವಾದ್ಯ ಸೇರಿ ಆದದ್ದು ಎನಿಸುತ್ತದೆ. ಬುಡ ತೊಗಲು ಬಿಗಿದ ತಮಟೆಯಂತೆ, ದಂಡಿ ತಂತಿವಾದ್ಯದ್ದು. ಐದು ತಂತಿಗಳಲ್ಲಿ ಐದನೆಯದು ಗಿಡ್ಡ. ಅದರ ಬಿರಡೆ ಮಾತ್ರ ದಂಡಿಯ ನಡುವಿನಲ್ಲೇ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಎಡಗೈ ಆ ತಂತಿಯನ್ನು ಮುಟ್ಟುವುದು ಅಪರೂಪ. ಬಲಗೈ ಹೆಬ್ಬೆರಳು ಅದನ್ನು ಮತ್ತೆ ಮತ್ತೆ ಮೀಟುತ್ತಿರುತ್ತದೆ. ತಂಬೂರಿಯ ಶ್ರುತಿ ಹಾಡಿನ ಕೆಳಗೆ ಹರಿಯುತ್ತದೆ. ಈ ತಂತಿಯ ಶ್ರುತಿ ಹಾಡಿನ ಮೇಲೆ ಮಿಣುಕುತ್ತದೆ. ಸಾಂಪ್ರದಾಯಿಕ ತಂಡದಲ್ಲಿ ಡ್ರಮ್ ಇರುವುದಿಲ್ಲ. ದೊಡ್ಡ ಬಾಸ್ ಮೊದಲ ಪೆಟ್ಟಿಗೆ ಗುಮ್ಮೆಂದರೆ, ಎರಡನೆಯದಕ್ಕೆ ಮ್ಯಾಂಡೊಲಿನ್ ಚಕ್ಕೆಂದು ಕತ್ತರಿಸುತ್ತದೆ. ಆ ಗುಮ್ಮು, ಚಕ್ಕುಗಳೇ ತಾಳ. ಅದರ ಮೇಲೆ ಏರುಕಂಠದ ಹಾಡು, ಎರಡು ಮೂರು ದನಿಗಳು ಒಂದರ ಹೆಗಲಿಗೆ ಒಂದು ಹತ್ತಿ ನಿಂತಂತೆ.

ಈ ಇತಿಹಾಸ ಯಾಕೆ ಹೇಳಿದೆನೆಂದರೆ, ಐದು ನಾಟಕಗಳಲ್ಲಿ ಮೂರರ ಕಥೆ ಬ್ಲೂಗ್ರಾಸ್ ಹುಟ್ಟುವ ಮೊದಲೇ ನಡೆಯುತ್ತದೆ. 'ರಾಬರ್ ಬ್ರೈಡ್‌ಗ್ರೂಮ್'ನದು 18ನೆಯ ಶತಮಾನದ ಕೊನೆ, 'ಫ್ಲಾಯ್ಡ್ ಕಾಲಿನ್ಸ್'ನದು 1925, 'ಸ್ಮೋಕ್ ಆನ್ ದ ಮೌಂಟನ್'ನದು 1938. 'ಬ್ರೈಟ್ ಸ್ಟಾರ್'ನ ಒಂದು ಕಾಲು 1923ರಲ್ಲಿ, ಇನ್ನೊಂದು 1945-46ರಲ್ಲಿ. ಎಂದರೆ ಸ್ಕ್ರಗ್ಸ್ ಮನ್ರೋನ ತಂಡ ಸೇರಿದ ಹೊತ್ತಿನಲ್ಲೇ. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಪೌರಾಣಿಕ ನಾಟಕದಲ್ಲಿ ಕೃಷ್ಣ ಕಲ್ಯಾಣಿ ರಾಗದಲ್ಲಿ ಹಾಡಿದರೆ ಯಾರೂ ಕಾಲ ಕೇಳುವುದಿಲ್ಲ. ಇಲ್ಲಿಯೂ ಬ್ಯಾಂಜೊ ಸದ್ದು ಇಸವಿಯನ್ನು ಹೇಳುವುದಕ್ಕೆ ಬಂದದ್ದಲ್ಲ, ಊರನ್ನು ಹೇಳುವುದಕ್ಕೆ ಬಂದದ್ದು.

ಮನೆಯೊಳಗಿನ ಹಿಮ್ಮೇಳ, ಗವಿಯೊಳಗಿನ ಹಿಮ್ಮೇಳ

'ಬ್ರೈಟ್ ಸ್ಟಾರ್' ಬರೆದವರು ಇಬ್ಬರು. ಹಾಸ್ಯನಟನೆಂದು ಲೋಕ ಬಲ್ಲ, ಆದರೆ ಹರೆಯದಿಂದಲೂ ಬ್ಯಾಂಜೊ ಬಿಡದ ಸ್ಟೀವ್ ಮಾರ್ಟಿನ್ ಒಬ್ಬರು. ಗಾಯಕಿ ಈಡಿ ಬ್ರಿಕೆಲ್ ಇನ್ನೊಬ್ಬರು. ಸಂಗೀತ ಇಬ್ಬರದು, ಮಾತು ಮಾರ್ಟಿನ್‌ರದು, ಹಾಡಿನ ಸಾಹಿತ್ಯ ಬ್ರಿಕೆಲ್‌ರದು. 2014ರಲ್ಲಿ ಸ್ಯಾನ್ ಡಿಯೇಗೊದ ಓಲ್ಡ್ ಗ್ಲೋಬ್ ರಂಗಮಂದಿರದಲ್ಲಿ ಮೊದಲ ಪ್ರಯೋಗ. 2016ರ ಮಾರ್ಚ್‌ನಲ್ಲಿ ಬ್ರಾಡ್‌ವೇಗೆ ಬಂತು, ಜೂನ್ ಕೊನೆಗೆ ಮುಗಿಯಿತು. ಒಟ್ಟು 109 ಪ್ರದರ್ಶನ. ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಗೆ ಐದು ನಾಮನಿರ್ದೇಶನ ಸಿಕ್ಕರೂ ಒಂದೂ ಪ್ರಶಸ್ತಿ ಬರಲಿಲ್ಲ. ಅದು 'ಹ್ಯಾಮಿಲ್ಟನ್' ನಾಟಕ ಹನ್ನೊಂದು ಟೋನಿಗಳನ್ನು ಬಾಚಿಕೊಂಡ ವರ್ಷ. ಈ ಲೆಕ್ಕ ನೋಡಿ ನಾಟಕವನ್ನು ತಳ್ಳಿಹಾಕಬೇಡಿ. ಬ್ರಾಡ್‌ವೇಯಲ್ಲಿ ಬೇರು ಬಿಡದ ಈ ನಾಟಕ ಊರೂರ ಹವ್ಯಾಸಿ ತಂಡಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ನನಗೆ ಅದೇ ಹೆಚ್ಚಿನದು.

ಕಥೆ ಆಲಿಸ್ ಮರ್ಫಿ ಎಂಬ ಹೆಂಗಸಿನದು. 1945ರಲ್ಲಿ ಆಕೆ ನಾರ್ತ್ ಕೆರೊಲಿನಾದ ಆಶ್‌ವಿಲ್‌ನ ಸಾಹಿತ್ಯ ಪತ್ರಿಕೆಯೊಂದರ ಬಿಗಿಮೋರೆಯ ಸಂಪಾದಕಿ. 1923ರಲ್ಲಿ ಪುಟ್ಟ ಊರಿನ ಹದಿನಾರರ ಹುಡುಗಿ, ಊರಿನ ಮೇಯರನ ಮಗನನ್ನು ಪ್ರೀತಿಸಿದವಳು. ಯುದ್ಧದಿಂದ ಮರಳಿದ ಬಿಲ್ಲಿ ಎಂಬ ತರುಣ ಲೇಖಕ ತನ್ನ ಕಥೆಗಳನ್ನು ಹಿಡಿದು ಆಕೆಯ ಕಚೇರಿಗೆ ಬರುತ್ತಾನೆ. ಈ ಎರಡು ಕಾಲಗಳ ನಡುವೆ ನಾಟಕ ಓಡಾಡುತ್ತದೆ. ಮೂಲದಲ್ಲಿ ಒಂದು ನಿಜ ಘಟನೆಯಿದೆ: 1902ರಲ್ಲಿ ಮಿಸೌರಿಯಲ್ಲಿ, ಓಡುವ ರೈಲಿನಿಂದ ಪೆಟ್ಟಿಗೆಯಲ್ಲಿ ಎಸೆಯಲ್ಪಟ್ಟ ಕೂಸೊಂದು ಬದುಕಿ ಉಳಿದದ್ದು. ನಾಟಕ ಅದನ್ನು ಎಲ್ಲಿ, ಹೇಗೆ ತರುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಮೊದಲ ಅಂಕದ ಕೊನೆಯಲ್ಲಿ ಸಭಾಂಗಣ ಉಸಿರು ಹಿಡಿಯುತ್ತದೆ ಎಂದಷ್ಟೇ ಹೇಳಬಲ್ಲೆ. ಅಮ್ಮನಿಗೆ ಅಲ್ಲಿ ಅನುವಾದ ಬೇಕಾಗಲಿಲ್ಲ. ಸೆರಗಿನ ಚುಂಗು ಕಣ್ಣಿಗೆ ಹೋಗಿತ್ತು.

ಮೂಲ ಪ್ರಯೋಗದಲ್ಲಿ ಆ ಮರದ ಮನೆಗೆ ಚಕ್ರಗಳಿದ್ದವು. ನಟರು ಅದನ್ನು ತಳ್ಳಿಕೊಂಡು ಬರುತ್ತಾರೆ, ತಿರುಗಿಸುತ್ತಾರೆ. ಹಿಮ್ಮೇಳ ಕಥೆಯ ಜೊತೆಗೇ ಊರಿಂದೂರಿಗೆ ಸಾಗುತ್ತದೆ. ಇಲ್ಲಿ ಬ್ಯಾಂಜೊ ಎಂದರೆ ಊರಿನ ನೆನಪು. ಆಲಿಸ್ ಎಷ್ಟೇ ದೂರ ಹೋದರೂ ಆ ಮನೆ ಅವಳ ಹಿಂದೆ ಬರುತ್ತದೆ. ಆದರೆ ಬರೀ ಬ್ಲೂಗ್ರಾಸ್ ಬೇಕೆನ್ನುವವರಿಗೆ ಒಂದು ಮಾತು: ಇದರ ವಾದ್ಯಸಂಯೋಜನೆಯಲ್ಲಿ ಪಿಯಾನೊ, ಚೆಲೊ, ತಾಳವಾದ್ಯಗಳೂ ಇವೆ. ದುಃಖದ ಹಾಡುಗಳಲ್ಲಿ ಅದು ಬ್ರಾಡ್‌ವೇಯ ಕಡೆಗೆ ವಾಲುತ್ತದೆ, ಕುಣಿತದ ಹಾಡುಗಳಲ್ಲಿ ಬೆಟ್ಟದ ಕಡೆಗೆ. ಕಥೆಯಲ್ಲಿ ಆಕಸ್ಮಿಕಗಳು ಜಾಸ್ತಿ ಎಂದು ನ್ಯೂಯಾರ್ಕಿನ ವಿಮರ್ಶಕರಲ್ಲಿ ಕೆಲವರು ಮೂಗು ಮುರಿದರು. ಕಳೆದುಹೋದ ಮಗು, ಗುರುತಿನ ವಸ್ತು, ಕೊನೆಯ ಪುನರ್ಮಿಲನ ಇವೆಲ್ಲ ಕಂಪನಿ ನಾಟಕ ನೋಡಿ ಬೆಳೆದವರಿಗೆ ಮನೆಯ ಅಂಗಳದಷ್ಟು ಪರಿಚಿತ. ಆ ಬಗೆಯ ಕಥೆಯನ್ನು ಮನಸಾರೆ ನಂಬಿ ಆಡಿದಾಗ ಅದಕ್ಕೊಂದು ಬಲ ಬರುತ್ತದೆ. 'ಬ್ರೈಟ್ ಸ್ಟಾರ್' ಅದನ್ನು ಮನಸಾರೆ ನಂಬುತ್ತದೆ.

ಆಲಿಸಳ ಊರು ನಾಟಕದಲ್ಲಿ ಝೆಬ್ಯುಲನ್. ಅದೇ ಹೆಸರಿನ ಊರು ರಾಲಿಯ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಇದೆ, ಬಯಲು ಸೀಮೆಯಲ್ಲಿ. ಅಲ್ಲಿಂದ ಬೆಟ್ಟಸೀಮೆಯ ಆಶ್‌ವಿಲ್‌ಗೆ ನಾನೂರು ಕಿಲೋಮೀಟರ್ ದಾಟುತ್ತದೆ. ಆ ಹೆದ್ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಆಲಿಸ್ ನೆನಪಾಗುತ್ತಾಳೆ.

'ಫ್ಲಾಯ್ಡ್ ಕಾಲಿನ್ಸ್' ಇದಕ್ಕೆ ತದ್ವಿರುದ್ಧ. ಐದರಲ್ಲಿ ಸಂಗೀತವಾಗಿ ಇದೇ ದೊಡ್ಡದು ಎಂದು ನಾನು ಅಳುಕದೆ ಹೇಳುತ್ತೇನೆ. ಐದರಲ್ಲಿ ಕಷ್ಟದ್ದೂ ಇದೇ. 1925ರ ಜನವರಿ 30ರಂದು ಕೆಂಟಕಿಯ ಸ್ಯಾಂಡ್ ಕೇವ್ ಎಂಬ ಗವಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬಾತ ಸಿಕ್ಕಿಬಿದ್ದ. ಪ್ರವಾಸಿಗರನ್ನು ಸೆಳೆಯುವಂಥ ಹೊಸ ಗವಿ ಹುಡುಕಿ ಮನೆಯವರ ಬಡತನ ನೀಗಿಸಬೇಕೆಂದು ಹೊರಟವನು. ಹತ್ತು ಹನ್ನೆರಡು ಕಿಲೋ ತೂಕದ ಒಂದು ಕಲ್ಲು ಕಾಲಿನ ಮೇಲೆ ಬಿದ್ದು, ಕಿರಿದಾದ ಸಂದಿಯಲ್ಲಿ ಹಿಂದೆಮುಂದೆ ಸರಿಯಲಾಗದೆ ಉಳಿದ. ಸಣ್ಣ ಮೈಕಟ್ಟಿನ ಪತ್ರಕರ್ತ ಸ್ಕೀಟ್ಸ್ ಮಿಲ್ಲರ್ ಹಲವು ಸಲ ತೆವಳಿಕೊಂಡು ಒಳಹೋಗಿ ಅವನ ಮಾತು ಕೇಳಿ ಬರೆದ. ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಆ ವರದಿಗಳಿಂದ ಗವಿಯ ಮೇಲೆ ಜನ ಜಾತ್ರೆಯಂತೆ ನೆರೆದರು. ಕೆಳಗೆ ಒಬ್ಬ ಸಾಯುತ್ತಿದ್ದಾಗ ಮೇಲೆ ತಿಂಡಿ ಅಂಗಡಿಗಳು. ರಕ್ಷಣೆಗೆ ತೋಡಿದ ಬಾವಿ ಅವನನ್ನು ತಲುಪಿದ್ದು ಫೆಬ್ರವರಿ 16ಕ್ಕೆ. ಆಗ ಅವನು ಬದುಕಿರಲಿಲ್ಲ.

ಈ ಕಥೆಗೆ ಸಂಗೀತ ಮತ್ತು ಸಾಹಿತ್ಯ ಆ್ಯಡಂ ಗೆಟೆಲ್‌ರದು, ನಾಟಕರಚನೆ ಮತ್ತು ನಿರ್ದೇಶನ ಟೀನಾ ಲ್ಯಾಂಡೌ ಅವರದು. 1996ರಲ್ಲಿ ನ್ಯೂಯಾರ್ಕಿನ ಪ್ಲೇರೈಟ್ಸ್ ಹೊರೈಜ಼ನ್ಸ್‌ನಲ್ಲಿ ಬರೀ 25 ಪ್ರದರ್ಶನ ಕಂಡಿತು. ಸುಮಾರು ಮೂರು ದಶಕಗಳ ನಂತರ, 2025ರಲ್ಲಿ ಲಿಂಕನ್ ಸೆಂಟರ್‌ನ ವಿವಿಯನ್ ಬೋಮಾಂಟ್ ರಂಗಮಂದಿರದಲ್ಲಿ ಜೆರೆಮಿ ಜೋರ್ಡನ್ ಫ್ಲಾಯ್ಡ್ ಆಗಿ ಬ್ರಾಡ್‌ವೇಗೆ ಬಂತು. ಆ ನಡುವಿನ ವರ್ಷಗಳಲ್ಲಿ ಇದನ್ನು ಬದುಕಿಸಿದ್ದು ಮುಖ್ಯವಾಗಿ ಮೊದಲ ಧ್ವನಿಮುದ್ರಣ.

ಮೊದಲ ದೃಶ್ಯವನ್ನು ಕಣ್ಣು ಮುಚ್ಚಿ ಕೇಳಿ. ಫ್ಲಾಯ್ಡ್ ಕತ್ತಲಲ್ಲಿ ಇಳಿಯುತ್ತ ಒಂದು ಕೂಗು ಹಾಕುತ್ತಾನೆ, ಬೆಟ್ಟದವರು ಕಣಿವೆಯ ಆಚೆಗೆ ಕರೆಯುವ ಏರಿಳಿತದ ಕೂಗು. ಕೂಗು ಮರಳಿ ಬರುವ ಹೊತ್ತಿನಿಂದ ಗವಿಯ ಅಳತೆ ತಿಳಿಯುತ್ತದೆ ಅವನಿಗೆ. ಇನ್ನೊಂದು ಕೂಗು, ಅದರ ಪ್ರತಿಧ್ವನಿ, ಮತ್ತೊಂದು, ಅದರದ್ದು. ಸ್ವಲ್ಪ ಹೊತ್ತಿಗೆ ಆ ಮರುದನಿಗಳೇ ಒಂದರ ಮೇಲೊಂದು ಬಿದ್ದು ಸಮೂಹಗಾನವಾಗುತ್ತದೆ, ಗವಿಯೇ ಅವನೊಡನೆ ಹಾಡಿದ ಹಾಗೆ. ಹಿಮ್ಮೇಳ ಇಲ್ಲಿ ಎಲ್ಲಿ ಕೂತಿದೆ ಎಂದರೆ, ಕತ್ತಲೆಯಲ್ಲಿ ಕೂತಿದೆ. ಬ್ಯಾಂಜೊ, ಗಿಟಾರ್, ಹಾರ್ಮೋನಿಕಾ ಇವೆ, ಆದರೆ ಅವುಗಳ ಪಕ್ಕದಲ್ಲೇ ತಂತಿವಾದ್ಯಗಳು ಇಪ್ಪತ್ತನೆಯ ಶತಮಾನದ ಯುರೋಪಿನ ಗಡುಸಾದ, ಕಿವಿಗೆ ಒಗ್ಗದ ಸ್ವರಮೇಳಗಳನ್ನು ಒತ್ತುತ್ತವೆ. ಮೇಲಿನ ಲೋಕದ ಹಾಡು ನೆಲದ್ದು, ಕೆಳಗಿನ ಲೋಕದ್ದು ಕಲ್ಲಿನದು. ಬ್ಲೂಗ್ರಾಸ್ ಕೇಳಿ ಕಾಲು ಕುಣಿಸಬೇಕೆಂದು ಹೋದವರು ನಿರಾಶರಾಗುತ್ತಾರೆ. ಶಾಸ್ತ್ರೀಯ ಸಂಗೀತ ಕೇಳಿ ಪಳಗಿದ ಕಿವಿಗಳು ಮೂರನೆಯ ಸಲ ಕೇಳುವಾಗ ಇದರೊಳಗೆ ಇಳಿಯುತ್ತವೆ. ಕೊನೆಯ ಹಾಡಿನಲ್ಲಿ ಅವನು ಸಾವಿನ ಆಚೆ ಏನಿದೆ ಎಂದು ಮಗುವಿನಂತೆ ಪ್ರಶ್ನೆ ಕೇಳುತ್ತ ಹೋಗುತ್ತಾನೆ. ಹಾಡು ಮುಗಿದ ಮೇಲೆ ಆ ಮೊದಲಿನ ಕೂಗು ಮರಳಿ ಬರುತ್ತದೆ. ನಾನು ಇದನ್ನು ಕಾರಿನಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ.

ಊರವರೇ ಕಥೆಗಾರರು

'ದಿ ರಾಬರ್ ಬ್ರೈಡ್‌ಗ್ರೂಮ್' ಅಂದರೆ ಕಳ್ಳ ಮದುಮಗ. ಯೂಡೋರಾ ವೆಲ್ಟಿ 1942ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯನ್ನು ಆಧರಿಸಿ ಆಲ್ಫ್ರೆಡ್ ಯೂರಿ ಬರೆದದ್ದು, ಸಂಗೀತ ರಾಬರ್ಟ್ ವಾಲ್ಡ್‌ಮನ್‌ರದು. 1975ರ ಮೊದಲ ಬ್ರಾಡ್‌ವೇ ಪ್ರಯೋಗದಲ್ಲಿ ಕೆವಿನ್ ಕ್ಲೈನ್ ಮತ್ತು ಪ್ಯಾಟಿ ಲುಪೋನ್ ಇದ್ದರು, ಆಗಿನ್ನೂ ಇಬ್ಬರೂ ಎಳೆಯರು. ಮರುವರ್ಷ ಮತ್ತೆ ಬಂದಾಗ ನಾಯಕನ ಪಾತ್ರ ಮಾಡಿದ ಬ್ಯಾರಿ ಬಾಸ್ಟ್‌ವಿಕ್‌ಗೆ ಟೋನಿ ಪ್ರಶಸ್ತಿ ದಕ್ಕಿತು. 2016ರಲ್ಲಿ ಅಲೆಕ್ಸ್ ಟಿಂಬರ್ಸ್ ನಿರ್ದೇಶನದಲ್ಲಿ ಆಫ್-ಬ್ರಾಡ್‌ವೇಯಲ್ಲಿ, ಎಂದರೆ ನ್ಯೂಯಾರ್ಕಿನ ಚಿಕ್ಕ ರಂಗಮಂದಿರದಲ್ಲಿ, ಮತ್ತೆ ಬಂತು. ಮಧ್ಯಂತರವಿಲ್ಲದೆ ಸುಮಾರು ಒಂದೂವರೆ ಗಂಟೆ.

ಮಿಸಿಸಿಪ್ಪಿಯ ರಾಡ್ನಿ ಎಂಬ ಊರಿನವರು, ನ್ಯಾಚೆಜ಼್ ಟ್ರೇಸ್ ಎಂಬ ಹಳೆಯ ಕಾಡುದಾರಿಯ ಕಥೆ ಹೇಳಲು ಒಟ್ಟಾಗುತ್ತಾರೆ. ಹಗಲಿನಲ್ಲಿ ಸಭ್ಯ, ಕಾಡಿನಲ್ಲಿ ಮುಖಕ್ಕೆ ಹಣ್ಣಿನ ರಸ ಬಳಿದುಕೊಂಡ ದರೋಡೆಕಾರ, ಅವನೇ ನಾಯಕ ಜೇಮಿ ಲಾಕ್‌ಹಾರ್ಟ್. ಧನಿಕನ ಮಗಳು ರೋಸಮಂಡ್ ದರೋಡೆಕಾರನಿಗೆ ಮನಸೋಲುತ್ತಾಳೆ, ಸಭ್ಯನನ್ನು ಕಂಡರೆ ಆಗುವುದಿಲ್ಲ. ಇಬ್ಬರೂ ಒಬ್ಬನೇ ಎಂದು ಅವಳಿಗೆ ಗೊತ್ತಿಲ್ಲ. ಪೆಟ್ಟಿಗೆಯೊಳಗಿಂದ ಮಾತಾಡುವ ರುಂಡವೊಂದಿದೆ. ಮಲತಾಯಿ ಇದ್ದಾಳೆ. ಮರ, ಬಾಗಿಲು, ಹಕ್ಕಿ ಎಲ್ಲವನ್ನೂ ನಟರ ಮೈ ಮತ್ತು ಕೈಗೆ ಸಿಕ್ಕ ಸಾಮಾನೇ ಸೃಷ್ಟಿಸುತ್ತವೆ. ಇದನ್ನು ಕಂಡಾಗ ಬಯಲಾಟ ನೋಡಿದವರಿಗೆ ಬೇರೆ ದೇಶದ ನಾಟಕ ಎನಿಸುವುದಿಲ್ಲ. ಹಿಮ್ಮೇಳ ಊರವರ ನಡುವೆಯೇ ಬೆರೆತಿದೆ. ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್ ಕಥೆಯನ್ನು ಕುಣಿಸುತ್ತ ಮುಂದೆ ನೂಕುತ್ತವೆ. ಐದರಲ್ಲಿ ನಾಟಕದ ಚಳಕ ಇದರಲ್ಲಿ ಹೆಚ್ಚು. ಆದರೆ ಇದು ಮಕ್ಕಳ ಕಥೆಯಲ್ಲ. ದರೋಡೆಕಾರ ಹುಡುಗಿಯ ಬಟ್ಟೆ ದೋಚುವ ದೃಶ್ಯವನ್ನು, ಕಾಡಿನಲ್ಲಿ ನಡೆಯುವುದನ್ನು, 1975ರವರು ನಕ್ಕು ಮುಂದೆ ಹೋದ ಹಾಗೆ ಇಂದು ಹೋಗಲಾಗದು. ಒಳ್ಳೆಯ ನಿರ್ದೇಶಕರು ಅಲ್ಲಿ ರೋಸಮಂಡ್‌ಗೆ ಬಲ ತುಂಬುತ್ತಾರೆ. ಉಳಿದವರ ಕೈಯಲ್ಲಿ ಅದು ಕಸಿವಿಸಿ ಮಾಡುತ್ತದೆ. ನೋಡಲು ಹೋಗುವ ಮೊದಲು ಆ ತಂಡದ ಬಗ್ಗೆ ತಿಳಿದುಕೊಂಡು ಹೋಗಿ.

'ಕಾಟನ್ ಪ್ಯಾಚ್ ಗಾಸ್ಪೆಲ್' ಇನ್ನೂ ಚಿಕ್ಕದು, ಇನ್ನೂ ನೇರ. ಕ್ಲಾರೆನ್ಸ್ ಜೋರ್ಡನ್ ಎಂಬವರು 1942ರಲ್ಲಿ ಜಾರ್ಜಿಯಾದಲ್ಲಿ ಕರಿಯರು, ಬಿಳಿಯರು ಒಟ್ಟಿಗೆ ದುಡಿದು ಉಣ್ಣುವ ಕೊಯ್ನೋನಿಯಾ ಎಂಬ ತೋಟ ಕಟ್ಟಿದವರು. ಗ್ರೀಕ್ ಮೂಲದಿಂದ ಬೈಬಲ್ಲಿನ ಹೊಸ ಒಡಂಬಡಿಕೆಯ ಬಹುಭಾಗವನ್ನು ದಕ್ಷಿಣದ ರೈತರ ಆಡುಮಾತಿಗೆ ತಂದರು. ಊರುಗಳ ಹೆಸರನ್ನೂ ಬದಲಿಸಿದರು. ಜೆರೂಸಲೇಮ್ ಅಟ್ಲಾಂಟಾ ಆಯಿತು, ಬೆತ್ಲೆಹೇಮ್ ಜಾರ್ಜಿಯಾದ ಗೇನ್ಸ್‌ವಿಲ್ ಆಯಿತು. ಅದನ್ನು ಟಾಮ್ ಕೀ ಮತ್ತು ರಸೆಲ್ ಟ್ರೇಜ಼್ ನಾಟಕ ಮಾಡಿದರು, ಹಾಡು ಹ್ಯಾರಿ ಚೇಪಿನ್ ಬರೆದರು. 1981ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಾಟಕ ಆರಂಭವಾಗುವ ಮೊದಲೇ, ಜುಲೈನಲ್ಲಿ, ರಸ್ತೆ ಅಪಘಾತದಲ್ಲಿ ಚೇಪಿನ್ ತೀರಿಕೊಂಡಿದ್ದರು. ಒಬ್ಬನೇ ನಟ ಹತ್ತಾರು ಪಾತ್ರಗಳಾಗುತ್ತಾನೆ. ನಾಲ್ವರು ವಾದಕರು ಹಾಡುತ್ತಾರೆ, ಶಿಷ್ಯರಾಗುತ್ತಾರೆ, ಗುಂಪಾಗುತ್ತಾರೆ. ನಮ್ಮ ಹರಿಕಥೆಯ ದಾಸರು, ಅವರ ಪಕ್ಕವಾದ್ಯದವರನ್ನು ನೆನೆಸಿಕೊಳ್ಳಿ, ಅದೇ ಅಳತೆ. ಶಿಲುಬೆಯ ಬದಲು ಇಲ್ಲಿ ಬರುವುದು ಗುಂಪು ಸೇರಿ ಮರಕ್ಕೆ ನೇಣು ಹಾಕುವುದು. ಅಮೆರಿಕದ ದಕ್ಷಿಣದಲ್ಲಿ ಕರಿಯರಿಗೆ ಹಾಗೆ ಮಾಡಿದ ಚರಿತ್ರೆ ಗೊತ್ತಿದ್ದವರಿಗೆ ಆ ಹಾಡಿನ ಲವಲವಿಕೆ ಒಮ್ಮೆಲೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

'ಸ್ಮೋಕ್ ಆನ್ ದ ಮೌಂಟನ್'ನಲ್ಲಿ ಹಿಮ್ಮೇಳ, ಮುಮ್ಮೇಳ ಎಂಬ ಭೇದವೇ ಇಲ್ಲ. ಅಲನ್ ಬೇಲಿ ಕಲ್ಪಿಸಿ ಕಾನಿ ರೇ ಬರೆದದ್ದು, 1988ರದು. 1938ರ ಒಂದು ಶನಿವಾರ ರಾತ್ರಿ, ನಾರ್ತ್ ಕೆರೊಲಿನಾದ ಮೌಂಟ್ ಪ್ಲೆಸೆಂಟ್‌ನ ಪುಟ್ಟ ಬ್ಯಾಪ್ಟಿಸ್ಟ್ ಚರ್ಚು. ಪಾದ್ರಿ ಮೊದಲ ಬಾರಿಗೆ ಶನಿವಾರದ ಹಾಡುಕೂಟ ಇಟ್ಟಿದ್ದಾನೆ. ಸ್ಯಾಂಡರ್ಸ್ ಕುಟುಂಬ ಹಾಡಲು ಬಂದಿದೆ. ಪ್ರೇಕ್ಷಕರೇ ಭಕ್ತಸಭೆ. ಪಾತ್ರಗಳು ಏಳು, ಹಾಡುವವರೇ ವಾದ್ಯ ನುಡಿಸಬೇಕು. ಹಾಡುಗಳು ಬಹುಪಾಲು ಹಳೆಯ ಭಜನೆಗಳು, ಎರಡು ಡಜನ್‌ನಷ್ಟು. ನಡುನಡುವೆ ಒಬ್ಬೊಬ್ಬರೂ ಎದ್ದು ತಮ್ಮ ಬದುಕಿನ ಸಾಕ್ಷ್ಯ ಹೇಳುತ್ತಾರೆ: ಜೈಲಿನಿಂದ ಬಿಡುಗಡೆಯಾಗಿ ಬಂದ ಚಿಕ್ಕಪ್ಪನದು, ಹಾಡಲು ಬಾರದೆ ಕೈಸನ್ನೆಯಲ್ಲಿ ಹಾಡನ್ನು ತೋರಿಸುವ ಮಗಳು ಜೂನ್‌ಳದು. ಕಥೆ ತೆಳು. ಅದರ ಮೇಲಿನ ಪ್ರೀತಿ ಮಾತ್ರ ದಪ್ಪ. ಕ್ರೈಸ್ತ ಭಜನೆಗಳಲ್ಲಿ ಎರಡು ಗಂಟೆ ಕಳೆಯಲು ಮನಸ್ಸಿದ್ದವರಿಗೆ ಇದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ.

ಇನ್ನು ಅಂಚಿನಲ್ಲಿರುವ ಕೆಲವು. ಹಕ್ಲ್‌ಬೆರಿ ಫಿನ್ ಕಥೆಯ 'ಬಿಗ್ ರಿವರ್'ಗೆ 1985ರಲ್ಲಿ ಏಳು ಟೋನಿ ಬಂದವು. ರಾಜರ್ ಮಿಲ್ಲರ್‌ರ ಹಾಡುಗಳು ಕಂಟ್ರಿ ಎಂಬ ಅಮೆರಿಕದ ಹಳ್ಳಿಸೀಮೆಯ ಜನಪ್ರಿಯ ಸಂಗೀತ ಮತ್ತು ಚರ್ಚಿನ ಗಾಸ್ಪೆಲ್ ಕಡೆಯವು, ಬ್ಲೂಗ್ರಾಸ್ ಅಲ್ಲಲ್ಲಿ ಮಾತ್ರ. 2001ರ 'ದ ಸ್ಪಿಟ್‌ಫೈರ್ ಗ್ರಿಲ್' ಏಳೇ ಪಾತ್ರಗಳ ಸೊಗಸಾದ ನಾಟಕ, ಅಕಾರ್ಡಿಯನ್, ಪಿಟೀಲು, ಚೆಲೊ, ಮ್ಯಾಂಡೊಲಿನ್‌ಗಳ ಜನಪದ ಛಾಯೆಯದು. 2023ರ 'ಶಕ್ಡ್' ಕಂಟ್ರಿ ಸಂಗೀತದ ನಗೆನಾಟಕ, ಸಾಲಿಗೊಂದು ಶ್ಲೇಷೆ. ಇಂಗ್ಲಿಷ್ ಆಡುಮಾತಿನಲ್ಲಿ ಮುಳುಗೇಳದವರಿಗೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ.

ಹಾಗಾದರೆ ಯಾವುದು?

ಊರಿನಿಂದ ಬಂದ ತಂದೆತಾಯಿಯರನ್ನು, ಹತ್ತು ಹನ್ನೆರಡು ದಾಟಿದ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನನ್ನ ಉತ್ತರ 'ಬ್ರೈಟ್ ಸ್ಟಾರ್'. ಮದುವೆಗೆ ಮುಂಚಿನ ಬಸಿರು ಕಥೆಯಲ್ಲಿದೆ, ಆ ರೈಲಿನ ದೃಶ್ಯವಿದೆ. ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಡಿ. ಮನೆಯಲ್ಲೇ ಕಥೆಯನ್ನು ಕನ್ನಡದಲ್ಲಿ ಹೇಳಿ ಕರೆದುಕೊಂಡು ಹೋದರೆ ಹಿರಿಯರಿಗೆ ಭಾಷೆ ಅಡ್ಡ ಬರುವುದಿಲ್ಲ. ಬರೀ ಎಂಟೊಂಬತ್ತು ವರ್ಷದ ಮಕ್ಕಳಿದ್ದರೆ 'ಸ್ಮೋಕ್ ಆನ್ ದ ಮೌಂಟನ್'. 'ಫ್ಲಾಯ್ಡ್ ಕಾಲಿನ್ಸ್'ಗೆ ಮಕ್ಕಳನ್ನು ಕರೆದೊಯ್ಯಬೇಡಿ. ಹಿರಿಯರನ್ನೂ ಕೇಳಿಯೇ ಕರೆದೊಯ್ಯಿರಿ. ಸಿಕ್ಕಿಬಿದ್ದವನ ಉಸಿರು ಎರಡೂವರೆ ಗಂಟೆ ಕಿವಿಯಲ್ಲಿರುತ್ತದೆ.

ಅಮೆರಿಕಕ್ಕೆ ಬರದೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಕೇಳುವವರಿಗೆ ಲೆಕ್ಕ ಬೇರೆ. ನಾಟಕ ಕಣ್ಣಿಗಿಲ್ಲದಾಗ ಚಳಕ ಕೆಲಸ ಮಾಡುವುದಿಲ್ಲ, ಸಂಗೀತವೇ ನಿಲ್ಲಬೇಕು. 'ರಾಬರ್ ಬ್ರೈಡ್‌ಗ್ರೂಮ್' ಕೇಳುವಿಕೆಯಲ್ಲಿ ಅರ್ಧ ಕಳೆದುಕೊಳ್ಳುತ್ತದೆ. 'ಬ್ರೈಟ್ ಸ್ಟಾರ್'ನ ಧ್ವನಿಮುದ್ರಣದಲ್ಲಿ ಆಲಿಸ್ ಆಗಿ ಹಾಡಿದ ಕಾರ್ಮೆನ್ ಕ್ಯುಸ್ಯಾಕ್‌ರ ಕಂಠ ಮೊದಲ ಹಾಡಿನಲ್ಲೇ ಹಿಡಿದು ಕೂರಿಸುತ್ತದೆ, ಅದರಿಂದ ಶುರುಮಾಡಿ. ಅದಕ್ಕೂ ಮೊದಲು ಬಿಲ್ ಮನ್ರೋನ 1946-47ರ ಹಾಡುಗಳನ್ನು ಒಂದು ಸಂಜೆ ಕೇಳಿದ್ದರೆ, ಬ್ರಾಡ್‌ವೇ ಎಲ್ಲಿ ಬೆಟ್ಟದ ದಾರಿ ಹಿಡಿದಿದೆ, ಎಲ್ಲಿ ಬಿಟ್ಟಿದೆ ಎಂಬುದು ಕಿವಿಗೇ ತಿಳಿಯುತ್ತದೆ. 'ಫ್ಲಾಯ್ಡ್ ಕಾಲಿನ್ಸ್' ಅನ್ನು ಕೊನೆಗೆ ಇಟ್ಟುಕೊಳ್ಳಿ, ಸಾಹಿತ್ಯ ಎದುರಿಗಿಟ್ಟುಕೊಂಡು, ರಾತ್ರಿ ಮನೆ ಮಲಗಿದ ಮೇಲೆ.

ಕನ್ನಡ ಸಂಘದ ತಂಡದವರು, ಕಾಲೇಜಿನವರು ಆಡಬೇಕೆಂದರೆ ಮೊದಲ ಪ್ರಶ್ನೆ ವಾದಕರದು. ನಾಟಕದ ಹಕ್ಕು ಕೊಡುವ ಸಂಸ್ಥೆಯಿಂದ ಅನುಮತಿ, ಶುಲ್ಕ ಇವು ಎಲ್ಲಕ್ಕೂ ಇದ್ದದ್ದೇ. ಕನ್ನಡಕ್ಕೆ ತರಬೇಕೆಂದರೆ ಅನುವಾದಕ್ಕೂ ಬೇರೆ ಒಪ್ಪಿಗೆ ಬೇಕು. ಆದರೆ ದುಡ್ಡು ಹೊಂದಿಸಬಹುದು, ಬ್ಯಾಂಜೊ ನುಡಿಸುವವರನ್ನು ಹೊಂದಿಸುವುದು ಕಷ್ಟ. ಗಿಟಾರ್ ನುಡಿಸುವವರು ಬ್ಯಾಂಜೊ ಕೈಗೆತ್ತಿಕೊಂಡ ತಕ್ಷಣ ಆ ಮೂರು ಬೆರಳಿನ ಓಟ ಬರುವುದಿಲ್ಲ. ಪಿಟೀಲಿನ ವಿಷಯದಲ್ಲಿ ನಮ್ಮವರಿಗೆ ಅನುಕೂಲವಿದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಎಂಟು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು, ಶಾಲೆಯ ಪ್ರಯೋಗದಲ್ಲಿ ಫಿಡಲ್ ನುಡಿಸಿದಳು. ವಾದ್ಯ ಅದೇ. ಸ್ವರಗಳು ಅವಳಿಗೆ ಒಂದು ವಾರದಲ್ಲಿ ಬಂದವು. ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ಕೂತು ಅಭ್ಯಾಸವಾದವಳಿಗೆ ನಿಂತು, ಗದ್ದದ ಕೆಳಗೆ ಅವುಚಿ ಹಿಡಿಯುವುದೇ ತಿಂಗಳ ಕೆಲಸವಾಯಿತು. ಎರಡು ತಂತಿಗಳ ಮೇಲೆ ಒಟ್ಟಿಗೆ ಕಮಾನು ಕುಣಿಸುವುದಕ್ಕೆ ಇನ್ನೊಂದು ತಿಂಗಳು. ಗಮಕಕ್ಕೆ ಪಳಗಿದ ಬೆರಳು ಮಾತ್ರ ಅವಳಿಗೆ ಸಹಾಯಕ್ಕೆ ಬಂತು. ಬ್ಲೂಗ್ರಾಸ್‌ನಲ್ಲಿಯೂ ಸ್ವರದಿಂದ ಸ್ವರಕ್ಕೆ ಜಾರುವುದು ಬೇಕಾದಷ್ಟಿದೆ.

ತಂಡ ಚಿಕ್ಕದು, ಒಬ್ಬ ಬಲವಾದ ನಟನಿದ್ದಾನೆ ಎಂದರೆ 'ಕಾಟನ್ ಪ್ಯಾಚ್ ಗಾಸ್ಪೆಲ್'. ಹಾಡಿ ನುಡಿಸುವ ಏಳು ಜನ ಒಟ್ಟಿಗೆ ಸಿಗುವುದು ಪುಣ್ಯ. ಸಿಕ್ಕರೆ 'ಸ್ಮೋಕ್ ಆನ್ ದ ಮೌಂಟನ್'. ಮೈಯಲ್ಲಿ ಚುರುಕಿರುವ ಹದಿನೈದು ಯುವಕ ಯುವತಿಯರು, ರಂಗಸಜ್ಜಿಕೆಗೆ ಹಣವಿಲ್ಲ ಎಂದಾದರೆ 'ರಾಬರ್ ಬ್ರೈಡ್‌ಗ್ರೂಮ್' ಆರಿಸಿಕೊಳ್ಳಿ, ಆ ಕಾಡಿನ ದೃಶ್ಯದ ಬಗ್ಗೆ ತಾಲೀಮಿನ ಮೊದಲ ದಿನವೇ ಎಲ್ಲರೂ ಕೂತು ಮಾತಾಡಿ. 'ಬ್ರೈಟ್ ಸ್ಟಾರ್'ಗೆ ಜನವೂ ಬೇಕು, ಮೂವತ್ತೆಂಟರ ಸಂಪಾದಕಿಯೂ ಹದಿನಾರರ ಹುಡುಗಿಯೂ ಪ್ರೇಕ್ಷಕರ ಕಣ್ಣೆದುರೇ ಆಗಬಲ್ಲ ಒಬ್ಬ ನಟಿಯೂ ಬೇಕು. ಅಂಥವಳು ನಿಮ್ಮಲ್ಲಿದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ.

ಅಂದು ನಾಟಕ ಮುಗಿದ ಮೇಲೆ ಅಮ್ಮ ಸೀದಾ ಆ ಮರದ ಮನೆಯ ಹತ್ತಿರ ಹೋದರು. ಬ್ಯಾಂಜೊದವರು ಬೆರಳಿಗೆ ತೊಟ್ಟ ಲೋಹದ ಉಗುರುಗಳನ್ನು ಒಂದೊಂದಾಗಿ ಕಳಚಿ ಸಣ್ಣ ಡಬ್ಬಿಗೆ ಹಾಕುತ್ತಿದ್ದರು. ಅಮ್ಮ ಆ ಗಿಡ್ಡ ತಂತಿಯ ಕಡೆ ಬೆರಳು ತೋರಿಸಿದರು. ಅವರು ನಕ್ಕು, ಉಗುರಿಲ್ಲದ ಹೆಬ್ಬೆರಳಿನಲ್ಲೇ ಅದೊಂದನ್ನು ಮೀಟಿದರು. "ಇದು ಶ್ರುತಿ" ಎಂದರು ಅಮ್ಮ, ಕನ್ನಡದಲ್ಲಿಯೇ. ಅವರು ತಲೆಯಾಡಿಸಿ ಇನ್ನೊಮ್ಮೆ ಮೀಟಿದರು.